ಹಳೇ ಎಂಜಿನ್ನಿನ ಜೊತೆ ಹೋದದ್ದು

ಮೂರು ವಾರ ದೇಚಮ್ಮ ಜೀಪನ್ನು
ಇಳಿಜಾರು ನೋಡಿಯೇ ನಿಲ್ಲಿಸಿದ್ದು.
ಬ್ಯಾಂಕಿನ ಮುಂದೆ, ಕ್ಯೂರಿಂಗ್ ಗೇಟಿನ ಹತ್ತಿರ,
ನೆಲ್ಯಹುದಿಕೇರಿ ಸೇತುವೆಗೆ ಇಳಿಯುವಲ್ಲಿ.
ಕೊಡಗಿನಲ್ಲಿ ಅದಕ್ಕೇನು ಕೊರತೆ?
ಹುಡುಕಬೇಕಾದ್ದು ಸಮ ನೆಲವನ್ನ.
ಬ್ರೇಕ್ ಬಿಟ್ಟು, ಉರುಳಲು ಬಿಟ್ಟು, ಎರಡನೇ ಗೇರಿನಲ್ಲಿ
ಕ್ಲಚ್ಚಿನಿಂದ ಕಾಲು ತೆಗೆದರೆ
ಹೊಸ ಡೀಸೆಲ್ ಎಂಜಿನ್ ಕೆಮ್ಮಿ ಎದ್ದು ಕೂರುತ್ತದೆ.
ಕೀಲಿ ತಿರುಗಿಸಿದರೆ ಮಾತ್ರ, ಟಿಕ್.
ಗೋಡೆಯ ಹಲ್ಲಿ ಲೊಚಗುಟ್ಟಿದ ಹಾಗೆ. ಅಷ್ಟೇ.

ಹೊಸದು ಅಂದರೆ ಹೊಸದಲ್ಲ.
ಹುಣಸೂರಿನ ಗುಜರಿಯಲ್ಲಿ ಮಗುಚಿದ್ದ ಪಿಕಪ್ಪಿನ ಎಂಜಿನ್.
ಕೂರಿಸಿದವ ವಿರಾಜಪೇಟೆಯ ಲಾನ್ಸಿ,
ಕೈ ಒಳ್ಳೆಯದು, ಮರೆವೂ ಒಳ್ಳೆಯದು.
ವೈರಿಂಗ್ ಮಾತ್ರ ನನ್ನದು.
ಸಿದ್ದಾಪುರದಲ್ಲಿ ಈ ಮೊಯ್ದುವಿಗೆ ಬಿಡದೆ
ಇನ್ಯಾರಿಗೆ ಬಿಡಬೇಕು ಹೇಳಿ!

ಬ್ಯಾಟರಿ ಇಳಿಸಿ ರಾತ್ರಿಯಿಡೀ ಚಾರ್ಜಿಗಿಟ್ಟೆ. ಟಿಕ್.
ಸ್ಟಾರ್ಟರ್ ಬಿಚ್ಚಿ ಕಾರ್ಬನ್ ಬದಲಿಸಿದೆ,
ಬೆಂಚಿನ ಮೇಲೆ ಬುಗುರಿಯಂತೆ ತಿರುಗಿತು,
ಜೀಪಿಗೆ ಕಟ್ಟಿದರೆ ಟಿಕ್.
ಮೈಸೂರಿನಿಂದ ಸೊಲೆನಾಯ್ಡ್ ತರಿಸಿದೆ
ಬಸ್ಸಿನ ಕಂಡಕ್ಟರನ ಕೈಯಲ್ಲಿ,
ಅವನ ಚಹಾದ ದುಡ್ಡನ್ನೂ ಬಿಲ್ಲಿಗೆ ಸೇರಿಸಿದೆ.

ಟಿಕ್.

ಹೆಡ್‌ಲೈಟು ಜೋರಾಗಿ ಉರಿಯುತ್ತದೆ, ಹಾರ್ನು ಊರೆಬ್ಬಿಸುತ್ತದೆ.
ಮೀಟರಿನ ಕೆಂಪು ಕಡ್ಡಿ ಸ್ಟಾರ್ಟರಿನ ಬೋಲ್ಟಿಗೆ,
ಕಪ್ಪು ಕಡ್ಡಿ ಎಂಜಿನ್ನಿನ ಮೈಗೆ.
"ನೋಡಿ, ಹನ್ನೆರಡೂವರೆ," ಅಂದೆ,
ತಪ್ಪು ಅವರದೇ ಅನ್ನುವ ಹಾಗೆ.

ಮಡಿಕೇರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದ ಹೆಂಗಸು
ಹಲಸಿನ ಮರದಡಿ ಕೂತಲ್ಲಿಂದಲೇ ಹೇಳಿದರು:
"ಮಲಗಿದ್ದಾಗ ಎಲ್ಲರ ನಾಡಿಯೂ ಸರಿಯೇ ಮೊಯ್ದು.
ನಾಲ್ಕು ಮೆಟ್ಟಿಲು ಹತ್ತಿಸಿ ನೋಡು."

ನನಗೆ ಸಿಟ್ಟು ಬಂತು. ಮಾತು ಸರಿಯಿತ್ತು, ಅದಕ್ಕೇ.
ಒಂದು ಕಡ್ಡಿ ಎಂಜಿನ್ನಿನ ಮೈಗೆ,
ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ ಇಟ್ಟು,
"ಬನ್ನಿ, ಕೀಲಿ ತಿರುಗಿಸಿ, ಬಿಡಬೇಡಿ," ಅಂದೆ.
ಸೊನ್ನೆ ಇರಬೇಕಾದಲ್ಲಿ ಒಂಬತ್ತು!
"ಕಾಲಿನ ಹತ್ತಿರ ಏನೋ ಸುಡುತ್ತಿದೆ," ಎಂದರು.
ಕೈ ಹಾಕಿದೆ. ಆಕ್ಸಿಲರೇಟರ್ ಕೇಬಲ್.
ಬೆರಳಿನ ಗುಳ್ಳೆ ಇನ್ನೂ ಇದೆ, ನೋಡಿ.

ನಾಲ್ಕು ರಬ್ಬರಿನ ಮೇಲೆ ಕೂತ ಎಂಜಿನ್ನಿಗೆ
ಜೀಪಿನ ಮೈ ತಗಲುವುದೇ ಇಲ್ಲ.
ಹೋದ ಕರೆಂಟು ಮನೆಗೆ ಬರಬೇಕಲ್ಲ?
ಆನೆ ದಾರಿಗೆ ಬೇಲಿ ಹಾಕಿದವರಿಗೆ ಗೊತ್ತು,
ಆನೆ ನಿಲ್ಲುವುದಿಲ್ಲ, ಅಂಗಳದ ಮೇಲೆ ಹೋಗುತ್ತದೆ.
ಇಲ್ಲಿ ಅಂಗಳವೆಂದರೆ ಎಣ್ಣೆ ಹೀರಿದ ಒಂದು ತಂತಿ,
ದಾರದಷ್ಟು ದಪ್ಪ.

"ಅರ್ತ್ ಪಟ್ಟಿ ಎಲ್ಲಿ? ಲಾನ್ಸಿ ಅರ್ತ್ ಪಟ್ಟಿ ಎಲ್ಲಿಟ್ಟ?"
ಶೆಡ್ಡಿನಲ್ಲಿ ಹುಡುಕಿದೆ, ಡಬ್ಬಿ ಮಗುಚಿದೆ,
ಫೋನು ಮಾಡಿದರೆ ಅವನು ಯಾರದೋ ಮದುವೆಯಲ್ಲಿ.
ದೇಚಮ್ಮ ಮತ್ತೆ ಹಲಸಿನ ಬುಡಕ್ಕೆ ಹೋಗಿ ಕೂತಿದ್ದರು,
ಮೂರು ವಾರದಿಂದ ಕೂರುತ್ತಿದ್ದ ಹಳೇ ಪೆಟ್ರೋಲ್ ಎಂಜಿನ್ನಿನ ಮೇಲೆ.
ಸೀರೆಯ ನೆರಿಗೆಯ ಪಕ್ಕ, ಚಪ್ಪಲಿಯ ತುದಿಗೆ ತಾಗಿ
ತೂಗುತ್ತಿತ್ತು ತಾಮ್ರದ ಜಡೆ,
ಒಂದು ತುದಿ ಬಿಗಿಯಾಗಿ,
ಇನ್ನೊಂದು ತುದಿ ಗಾಳಿಯಲ್ಲಿ.

ಚಾಸಿಯ ಹೊಸ ಹಸಿರು ಬಣ್ಣವನ್ನು ಎಂಟಾಣೆಯಗಲ ಕೆರೆದೆ,
ಕಬ್ಬಿಣ ಬೆಳ್ಳಗೆ ಕಣ್ಣು ಬಿಡುವವರೆಗೆ.
ಎರಡು ಬೋಲ್ಟು, ಒಂದು ಚಿಟಿಕೆ ಗ್ರೀಸು.
ತಳ್ಳಲು ಬಂದಿದ್ದ ಅಸ್ಸಾಮಿನ ಹುಡುಗರಿಬ್ಬರು
ಚಾಚಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ನಿಂತರು,
ಜೀಪು ಆಗಲೇ ಗುಡುಗುತ್ತಿತ್ತು.

"ಸೊಲೆನಾಯ್ಡಿನ ದುಡ್ಡು ಬೇಡ," ಅಂದೆ.
"ಅದು ಕೊಡುತ್ತೇನೆ, ಚಹಾದ್ದು ಕೊಡುವುದಿಲ್ಲ," ಅಂದರು.

ಮೊನ್ನೆ ಬ್ಯಾಂಕಿನ ಮುಂದೆ ಜೀಪು ಕಂಡೆ.
ಎದುರಿಗೇ ಸಮ ಜಾಗ ಖಾಲಿ ಬಿದ್ದಿತ್ತು.
ಇಳಿಜಾರಿನಲ್ಲೇ ನಿಲ್ಲಿಸಿದ್ದರು.