ಉಪ್ಪುನೀರಿನ ರಿಪೋರ್ಟು

ಕಡಲಿಗೆ ಇಲ್ಲಿಂದ ಬಸ್ಸಿನಲ್ಲಿ ಅರ್ಧ ಗಂಟೆ. ಆದರೂ
ಪ್ಯಾಕೆಟ್ಟಿನ ಉಪ್ಪು ಕಲಸಿ ಕಡಲು ಮಾಡುತ್ತೇನೆ,
ಬಿಜೈಯ ಆರನೇ ಮಾಳಿಗೆಯಲ್ಲಿ.
ದೋಸೆಹಿಟ್ಟಿನ ಬಕೆಟ್ಟು ಯಾವುದು, ಕಡಲಿನದು ಯಾವುದು
ಮುಚ್ಚಳದ ಮೇಲೆ ಬರೆದಿಟ್ಟಿದ್ದೇನೆ.

ಟ್ಯಾಂಕು ತಂದವನು ಐವನ್. ಮೂರು ತಿಂಗಳ ಉಮೇದು.
ಆಮೇಲೆ ಅವನಿಗೆ ಸೈಕಲ್ಲು ಬಂತು,
ನನಗೆ ಹವಳ ಉಳಿಯಿತು.

ಮೊದಲು ಮರಳ ಮೇಲೆ ಕಂದು ಧೂಳು.
ಹಲ್ಲು ಹುಟ್ಟುವಾಗಿನ ಜ್ವರದ ಹಾಗೆ, ತಾನೇ ಹೋಗ್ತದೆ
ಎಂದರು ಬಂದರಿನ ಅಂಗಡಿಯ ಶಫೀಕ್.
ಹೋಯಿತು.
ಆಮೇಲೆ ಬಂದದ್ದು ಕೂದಲು.
ಕಲ್ಲಿನ ಬೋಳುತಲೆಗೆ ಎಳೆ ರೋಮ, ವಾರದಲ್ಲಿ ಜಡೆ.
ಪಂಪು ಊದಿದ ಕಡೆಗೆ ಬಾಗಿ ಬಾಗಿ
ಪಣಂಬೂರಿನ ಗಾಳಿಗೆ ನಿಂತವಳಂತೆ, ಚಂದವೇ,
ಅದರಡಿಯಲ್ಲಿ ಹವಳ ಬಾಯಿ ಮುಚ್ಚಿಕೊಂಡದ್ದು
ಕಾಣುವ ತನಕ.

ಹಗಲಿಡೀ ಕಂಕನಾಡಿಯ ಲ್ಯಾಬಿನಲ್ಲಿ
ಊರವರ ರಕ್ತ, ಮೂತ್ರ.
ರಾತ್ರಿ ಇಲ್ಲಿ ಐದು ಮಿಲಿ ನೀರು, ಏಳು ಹನಿ,
ಒಂದು ಚಿಟಿಕೆ ಪುಡಿ, ಒಂದು ನಿಮಿಷ ಅಲುಗಿಸು.
ನೈಟ್ರೇಟಿಗೆ ಗುಲಾಬಿ, ಫಾಸ್ಫೇಟಿಗೆ ನೀಲಿ.
ಎರಡೂ ಗಾಢ.

ತುಂಬೆಯ ನಳ್ಳಿನೀರು ಬಿಟ್ಟೆ, ಫಿಲ್ಟರ್ ನೀರು ಹಿಡಿದೆ.
ದೀಪದ ಹೊತ್ತು ಹತ್ತು ಗಂಟೆಯಿಂದ ಆರಕ್ಕಿಳಿಸಿದೆ.
ಮೂರು ದಿನ ಚಾದರ ಹೊದೆಸಿ ಕತ್ತಲು ಮಾಡಿದೆ;
ಬಾಗಿಲಿಗೆ ಬಂದ ಪಕ್ಕದ ಮನೆಯಾಕೆ ದನಿ ತಗ್ಗಿಸಿ
"ಯಾರು?" ಎಂದಳು.
ಹನ್ನೆರಡು ಬಸವನಹುಳು ಬಿಟ್ಟೆ. ಒಂದು ಅಂಗಾತ ಬಿದ್ದು ಸತ್ತು
ಕೊಳೆತು, ಪಾಚಿಗೇ ಊಟವಾಯಿತು.
ಕಲ್ಲು ಕಿತ್ತು ಹಲ್ಲಿನ ಬ್ರಶ್ಶಿನಲ್ಲಿ ತಿಕ್ಕಿದೆ, ತಿಕ್ಕಿದೆ.
ಭಾನುವಾರದ ಪೂಜೆಯಲ್ಲಿ ಕೈ ಜೋಡಿಸಿದರೆ
ಹತ್ತು ಉಗುರಲ್ಲೂ ಹಸಿರು.

ಬೊಕ್ಕಪಟ್ಣದ ಸುಮತಿಯಕ್ಕ ಮೀನಿನ ಬುಟ್ಟಿ ಇಳಿಸಿ
ಸೊಂಟಕ್ಕೆ ಕೈಕೊಟ್ಟು ನೋಡಿದಳು.
"ಮಳೆ ಬಿಟ್ಟ ಮೇಲೆ ಕಡಲೂ ಒಮ್ಮೊಮ್ಮೆ ಹೀಗೇ ಆಗ್ತದೆ ಮಾರಾಯ್ತಿ,
ಬಲೆಯೆಲ್ಲ ಅಂಟಂಟು. ಕಾಯ್ತೇವೆ.
ಕಡಲಿಗೆ ಹೊಟ್ಟೆ ದೊಡ್ಡದು.
ಇದು ಡಬ್ಬ. ಹಾಕಿದ್ದು ಎಲ್ಲಿಗೆ ಹೋಗಬೇಕು?
ಯಾರು ಹಾಕ್ತಾರೆ, ಅದನ್ನು ನೋಡು.
ಬಂಗುಡೆ ಎಷ್ಟು ಕೊಡಲಿ?"

ನಾನು ಹಾಕುವುದು ದಿನಕ್ಕೊಂದು ಚಿಟಿಕೆ.
ಐವನ್ ಆ ಕಡೆ ತಿರುಗಿಯೂ ನೋಡುವುದಿಲ್ಲ.

ಅದೇ ವಾರ ಮಾವನ ಸಕ್ಕರೆಯ ರಿಪೋರ್ಟು
ನನ್ನ ಟೇಬಲ್ಲಿಗೇ ಬಂತು.
ಮೂರು ತಿಂಗಳ ಸರಾಸರಿ, ಏಳೂವರೆಯಿಂದ ಒಂಬತ್ತಕ್ಕೆ.
ಟ್ಯಾಂಕಿನ ನೈಟ್ರೇಟು ಹತ್ತರಿಂದ ಐವತ್ತಕ್ಕೆ.
ಡೈರಿಯಲ್ಲಿ ಒಂದೇ ಪುಟ, ಒಂದೇ ಮೂರು ತಿಂಗಳು.
ಪೆನ್ನು ಕೆಳಗಿಟ್ಟೆ.

ರಾತ್ರಿ ಎರಡೂವರೆ. ಟ್ಯಾಂಕಿನ ನೀಲಿ ಬೆಳಕು.
ಸ್ಟೂಲಿನ ಮೇಲೆ ಲುಂಗಿಯಲ್ಲಿ ಮಾವ,
ಹಂಚಿನ ಕಾರ್ಖಾನೆಯ ಹಳೇ ಮೇಸ್ತ್ರಿ ಪಾಸ್ಕಲ್ ಪಿಂಟೊ,
ಬಿಸ್ಕೆಟ್ಟು ಬೆಳಕಿಗೆ ಹಿಡಿದು
ಪಾಲು ಸರಿ ಬರುವಂತೆ ಮುರಿಯುತ್ತಿದ್ದಾರೆ.
ಅರ್ಧ ಬಾಯಿಗೆ. ಅರ್ಧ ನೀರಿಗೆ.
ಗಾಜಿನಾಚೆ ಕಿತ್ತಳೆ ಮೀನು
ಬಾಯಿ ತೆರೆದು, ಮುಚ್ಚಿ, ತೆರೆದು.
"ಪಾಪ, ಹಸಿವು ಇದಕ್ಕೆ," ಎಂದರು, ತಿರುಗದೆ.
ಮೀನು ಉಸಿರಾಡುವುದೇ ಹಾಗೆ
ಎಂದು ನಾನು ಹೇಳಲಿಲ್ಲ.

ಈಗ ಬ್ರಶ್ಶು ಅವರ ಕೈಯಲ್ಲಿ.
ಮೂವತ್ತು ವರ್ಷ ಹಂಚಿನ ಅಚ್ಚು ಒರೆಸಿದ ಬೆರಳು,
ಕಲ್ಲಿನ ಒಂದು ಸಂದನ್ನೂ ಬಿಡುವುದಿಲ್ಲ.
ಬಿಸ್ಕೆಟ್ಟಿನ ಡಬ್ಬ ಇದ್ದಲ್ಲೇ ಇದೆ, ಬೀಗ ಹಾಕಿಲ್ಲ.
ಶನಿವಾರ ಒಂದು, ಪೂರ್ತಿ ಅವರಿಗೇ,
ನನ್ನ ಎದುರಿಗೆ, ಚಹಾದ ಜೊತೆ.

ಮೊನ್ನೆ ಹವಳ ಒಂದು ಬೆರಳು ಹೊರಗೆ ಚಾಚಿತು,
ಮತ್ತೆ ಒಳಗೆಳೆದುಕೊಂಡಿತು.
ಪಂಪಿನ ಹಿಂದೆ ಬೆರಳಗಲ ಹಸಿರು ಉಳಿದಿದೆ,
ಮಾವ ಬೇಕೆಂದೇ ಬಿಟ್ಟದ್ದು:
"ಹುಳಕ್ಕೂ ಬೇಕಲ್ಲ."
ನೈಟ್ರೇಟು ಹದಿನೈದು.
ಮಾವನದು ಮುಂದಿನ ತಿಂಗಳು ಗೊತ್ತಾಗುತ್ತದೆ.