ಸೂಲಗಿತ್ತಿ ಬ್ರೇಕು ಒತ್ತಿದ್ದು

ಕೀಲಿ ತಿರುಗಿಸಿ, ತೆಗೆದು, ಜೇಬಿಗೆ ಹಾಕಿಕೊಂಡೆ.
ಎಂಜಿನ್ನು ನಿಲ್ಲಲಿಲ್ಲ.
ಹೇಳುವುದು ಇನ್ನೂ ಇದೆ ಅನ್ನುವ ಮುದುಕಿಯ ಹಾಗೆ
ವ್ಯೋಸಾ ಹೊಳೆಯ ಪಕ್ಕ, ನೆಸ್ತಿಯ ಶೆಡ್ಡಿನ ಮುಂದೆ
ಎಂಬತ್ಮೂರರ ಡೀಸೆಲ್ ಮರ್ಸಿಡಿಸ್ಸು
ತನ್ನಷ್ಟಕ್ಕೆ ಗೊಣಗುತ್ತ ನಿಂತಿತ್ತು.

ನೆಸ್ತಿ ಬಾನೆಟ್ಟು ಎತ್ತಿ ಯಾವುದೋ ಸನ್ನೆ ಅದುಮಿ
ಅದರ ಬಾಯಿ ಮುಚ್ಚಿಸಿದ.
"ಎಷ್ಟು ದಿನದಿಂದ ಹೀಗೆ, ಜೆನೆಪೆ?"
ಬಸುರಿಯರನ್ನು ನಾನು ಕೇಳುವ ಧಾಟಿಯಲ್ಲೇ ಕೇಳಿದ.
ಅವರು ಹೇಳುವಷ್ಟೇ ಸುಳ್ಳು ಹೇಳಿದೆ:
"ಎರಡು ದಿನ."

ಸಮಾಚಾರ ಹೀಗಂತೆ:
ಪಂಪೊಂದು ನಳಿಗೆಗಳ ಗಾಳಿಯನ್ನೆಲ್ಲ ಹೀರಿ ಬರಿದು ಮಾಡುತ್ತೆ.
ಆ ಬರಿದೇ, ಆ ಏನೂ ಇಲ್ಲದ್ದೇ,
ಬಾಗಿಲಿಗೆ ಚಿಲಕ ಹಾಕುತ್ತೆ, ಬ್ರೇಕಿಗೆ ಬಲ ಕೊಡುತ್ತೆ,
ಕೀಲಿ ತೆಗೆದಾಗ ಎಂಜಿನ್ನಿನ ಕತ್ತು ಹಿಡಿದು ಮಲಗಿಸುತ್ತೆ.
ಎಲ್ಲೋ ಒಂದು ಕಡೆ ರಬ್ಬರು ಬಿರಿದರೆ ಸಾಕು
ಇನ್ನೆಲ್ಲೋ ಸಾವು ಬರುವುದಿಲ್ಲ.
"ಕೂಸು ಹೊಟ್ಟೆಯಲ್ಲಿ, ನೋವು ಸೊಂಟದಲ್ಲಿ," ಅಂದೆ.
ಅವನಿಗೆ ತಿಳಿಯಲಿಲ್ಲ, ಅಥವಾ ನಾಚಿಕೊಂಡ.

ಪೈಪಿನ ತುಂಡೊಂದನ್ನು ಕಿವಿಗಿಟ್ಟು
ಕಾರಿನ ಮೈಯೆಲ್ಲ ತಡಕಿದ. ಒಂದು ಕಿವಿ ಮಂದ ಅವನಿಗೆ,
ಇನ್ನೊಂದೂ ಅಷ್ಟಕ್ಕಷ್ಟೆ.
ಚೀಲದಿಂದ ನನ್ನ ಮರದ ಕೊಳವೆ ತೆಗೆದೆ,
ಮೂವತ್ತೆಂಟು ವರ್ಷ ಬಸುರಿಯರ ಹೊಟ್ಟೆಯ ಮೇಲೆ ಸವೆದದ್ದು.
ಡ್ಯಾಶ್‌ಬೋರ್ಡಿಗೆ ಇಟ್ಟೆ: ಗುಡುಗು.
ಮುಂದಿನ ಬಾಗಿಲು: ಗುಡುಗು, ದೂರದ್ದು.
ಹಿಂದಿನ ಎಡ ಬಾಗಿಲು:
ಸ್ಸ್ಸ್.
ಗಾಳಿ ಒಳಗೆ ಹೋಗುವ ಸದ್ದು.
ಹುಟ್ಟಿದ್ದು ಅಳುವ ಮುಂಚೆ ಎಳೆದುಕೊಳ್ಳುತ್ತಲ್ಲ, ಅದು.
ಇದು ಮಾತ್ರ ಎಳೆದುಕೊಳ್ಳುತ್ತಲೇ ಇತ್ತು.

ಆ ಬಾಗಿಲೇ ಯಾಕೆಂದು ನನಗೆ ಗೊತ್ತು.
ಹೆಂಗಸರನ್ನು ಹತ್ತಿಸುವುದು ಅದರಿಂದ.
ಗಂಡಂದಿರು ಧಡಾರೆಂದು ಬಡಿಯುವುದೂ ಅದನ್ನೇ,
ಲೆಸ್ಕೋವಿಕ್ಕಿನ ತಿರುವುಗಳಲ್ಲಿ, ಹಿಮದಲ್ಲಿ, ಬೆಳಗಿನ ಜಾವ ಮೂರಕ್ಕೆ.
ಎಷ್ಟು ಗಾಬರಿ ತಡೆದೀತು
ಬಿಸ್ಕತ್ತಿನಗಲದ ಒಂದು ರಬ್ಬರು ಪೊರೆ!

ನೆಸ್ತಿ ಆಲಿವ್ ಕಡ್ಡಿ ಕೆತ್ತಿ ಹಳದಿ ನಳಿಗೆಗೆ ಬಿರಡೆ ಹಾಕಿದ.
"ಇನ್ನು ಈ ಚಿಲಕ ಕೈಯಲ್ಲೇ ಹಾಕಿಕೋ."
ಕೀಲಿ ತಿರುಗಿಸಿದೆ. ನಿಂತಿತು.
ಹೊಳೆ ಹರಿಯುತ್ತಿದೆ ಎಂಬುದು ಆಗ ಕೇಳಿಸಿತು.

ಆಮೇಲೆ ಬ್ರೇಕು.
ಪೆಡಲು ಹುದುಗು ಬಂದ ಹಿಟ್ಟಿನ ಹಾಗೆ ಮೆತ್ತಗೆ.
"ಎಣ್ಣೆಯಲ್ಲಿ ಗಾಳಿ ಸೇರಿದೆ. ಹುಡುಗ ಮದುವೆಗೆ ಹೋಗಿದ್ದಾನೆ,
ನೀನೇ ಕೂತು ಒತ್ತು."
ದೂರದ ಚಕ್ರ ಮೊದಲು. ಹಿಂದೆ, ಬಲಗಡೆ,
ಅವನು ಅಂಗಾತ ಮಲಗಿದ. ಕನ್ನಡಿಯಲ್ಲಿ ಬೂಟು ಮಾತ್ರ.

"ಒತ್ತು.
ಇನ್ನೊಮ್ಮೆ. ಇನ್ನೂ. ಹಾಂ, ಹಿಡಿ, ಹಿಡಿ,
ನಾನು ಹೇಳುವ ತನಕ ಬಿಡಬೇಡ."

ನಗು ಬಂತು.
ಸಾವಿರದ ನಾನೂರು ಹೆಂಗಸರಿಗೆ ಹೇಳಿದ ಮಾತು.
ನನಗೆ ಯಾರೂ ಹೇಳಿರಲಿಲ್ಲ. ಹೆತ್ತವಳಲ್ಲ ನಾನು.

ಅಲ್ಲಿ ಅವನು ನಿಪ್ಪಲು ಸಡಿಲಿಸಿದರೆ
ಇಲ್ಲಿ ಪಾದದಡಿ ನೆಲ ಜಾರುತ್ತೆ.
ತಡೆಯಬಾರದು. ಎತ್ತಲೂಬಾರದು.
ಅವನು ಬಿಗಿಯುವ ಮೊದಲೇ ಎತ್ತಿದರೆ
ಹೋದ ಗಾಳಿ ತಿರುಗಿ ಒಳಗೆ.
ಎರಡನೇ ಚಕ್ರಕ್ಕೆ ತೊಡೆ ನಡುಗತೊಡಗಿತು.
ಕಾಲು ನಡುಗಿದ್ದಕ್ಕೆ ಎಷ್ಟು ಜನರಿಗೆ ಬೈದಿದ್ದೇನೆ,
ಪಾಪ, ಹೆಸರು ಕೂಡ ನೆನಪಿಲ್ಲ.

ಬಾಟಲಿಯಲ್ಲಿ ಮೊದಲು ಕಪ್ಪು ಚಹಾ, ಗುಳ್ಳೆ, ಗುಳ್ಳೆ.
ಕೊನೆಗೆ ಜೇನಿನ ಬಣ್ಣ.
ನಾಲ್ಕನೆಯದು ಮುಗಿಯುವಾಗ ಕತ್ತಲು.
ಪೆಡಲು ಅರ್ಧಕ್ಕೇ ಗಟ್ಟಿ ನಿಂತಿತು, ಕಲ್ಲಿನ ಮೆಟ್ಟಿಲ ಹಾಗೆ.
"ಸಾಕು, ಬಿಡು," ಎಂದ.
ಕಾಲು ಕೂಡಲೇ ಏಳಲಿಲ್ಲ.

ನೆಸ್ತಿಯನ್ನು ಹೆರಿಸಿದ್ದು ನಾನಲ್ಲ, ನನಗಿಂತ ಎರಡು ವರ್ಷ ದೊಡ್ಡವನು.
ದುಡ್ಡು ಎಣಿಸಿ ತೆಗೆದುಕೊಂಡ, ಒಂದು ಲೆಕ್‌ ಕೂಡ ಬಿಡದೆ.
ಸರಿಯೇ. ನಾನೂ ಬಿಡುವುದಿಲ್ಲ.

ಸೇತುವೆಯ ಇಳಿಜಾರಿನಲ್ಲಿ ಯಾರೂ ಇರಲಿಲ್ಲ.
ಒತ್ತಿದೆ. ನಿಂತಿತು.
ಕೀಲಿ ತೆಗೆದೆ. ಸುಮ್ಮನಾಯಿತು.
ಮತ್ತೆ ಚಾಲೂ ಮಾಡಿ
ಮತ್ತೆ ತೆಗೆದೆ, ಸುಮ್ಮನೆ.