ಹದಿನೈದನೆಯ ದೀಪ

ಕುತಾಯಿಸಿಯ ಈ ಮನೆಗೆ ನಾನು ಬಂದದ್ದು
ಹದಿನಾಲ್ಕು ದೀಪ ಬದಲಿಸಲು.
ಲಾಮಾರಾ ಚೀಟಿ ಹಿಡಿದುಕೊಂಡೇ ಬಾಗಿಲು ತೆಗೆದಳು:
ಪಡಸಾಲೆಗೆ ನಾಲ್ಕು, ಅಡುಗೆಮನೆಗೆ ಮೂರು,
ಅತ್ತೆ ಓದುವ ಮೂಲೆಗೊಂದು, ಹಳದಿಯದೇ ಇರಲಿ,
ಆಸ್ಪತ್ರೆ ಬಿಳುಪು ಬೇಡ, ಇತ್ಯಾದಿ.

ಮೊದಲು ಇಳಿದದ್ದು ಝೆಕ್ ಗಾಜಿನ ತೂಗುದೀಪ.
ತೋಳು ಐದು, ಜೀವ ಎರಡಕ್ಕೆ.
ಅತ್ತೆ ಪೆಪೆಲಾ ಅದನ್ನು ಬಚ್ಚಲ ತೊಟ್ಟಿಯಲ್ಲಿ ಮಲಗಿಸಿ
ವಿನೆಗರ್ ಸುರಿದು ಉಜ್ಜುತ್ತ ಕೂತಳು.
'ಮಾರುತ್ತೀರಾ?' ಎಂದೆ.
'ತೊಳೆಯುತ್ತಿದ್ದೇನೆ' ಎಂದಳು.

ಚಾವಣಿಯೊಳಗೆ ಬಟ್ಟೆ ಸುತ್ತಿದ ವೈರು,
ಮುಟ್ಟಿದರೆ ಒಣರೊಟ್ಟಿಯ ಅಂಚಿನಂತೆ ಉದುರುತ್ತದೆ.
ಹಳೆಯ ಅಲ್ಯೂಮಿನಿಯಂ ಬಾಗುವುದಿಲ್ಲ, ಮುರಿಯುತ್ತದೆ.
ನಮ್ಮ ಅಪ್ಪಂದಿರ ಹಾಗೆ ಎನ್ನಬಹುದಿತ್ತು.
ಏಣಿ ಹತ್ತಿದವನಿಗೆ ಅಂಥ ಮಾತೆಲ್ಲ ಯಾಕೆ.

ಸ್ವಿಚ್ಚುಗಳು ಕಪ್ಪು ಬೇಕಲೈಟಿನವು.
ಒಂದನ್ನು ಯಾರೋ ತಲೆಕೆಳಗೆ ಕೂರಿಸಿದ್ದಾರೆ,
ಮೇಲೆತ್ತಿದರೆ ಆರುತ್ತದೆ.
ಸರಿಮಾಡಲೇ ಎಂದರೆ ಮೊಮ್ಮಗ ಉಚಾ ಅಡ್ಡ ಬಂದ:
'ಬೇಡ, ನಮ್ಮ ಬೆರಳಿಗೆ ಮರೆತುಹೋಗುತ್ತದೆ.'

ನವೆಂಬರಿನ ಸಂಜೆ ಐದು.
ಅದುವರೆಗೆ ಒಂದೊಂದೇ ಕೋಣೆಯ ಫ್ಯೂಸು ಕಿತ್ತಿದ್ದವನು
ಮೇನ್‌ಸ್ವಿಚ್ಚನ್ನೇ ಇಳಿಸಿದೆ.
ಮನೆ ಕತ್ತಲಾಯಿತು, ಸರಿ.
ಅಂಗಳದಾಚೆ, ದ್ರಾಕ್ಷಿ ಚಪ್ಪರದ ಹಿಂದೆ,
ವೆರಿಕೋಳ ಮೆಟ್ಟಿಲ ಮೇಲಿನ ಬಲ್ಬೂ ಆರಿತು.

ಎತ್ತಿದೆ, ಹೊತ್ತಿತು.
ಇಳಿಸಿದೆ, ಆರಿತು.

ಹಿಟ್ಟಿನ ಕೈಯಲ್ಲೇ ಆಕೆ ಹೊರಬಂದಳು:
'ಕರೆಂಟು ಹೋಯಿತಾ?'
ತೊಂಬತ್ತರ ದಶಕದಲ್ಲಿ ಈ ಬೀದಿಯಲ್ಲಿ
ನಮಸ್ಕಾರದ ಬದಲು ಆಡುತ್ತಿದ್ದ ಮಾತು ಅದು.

ಟಾರ್ಚು ಹಿಡಿದು ವೈರಿನ ಹಿಂದೆ ಹೋದೆ.
ಉಗ್ರಾಣದ ಹಲಗೆಯಡಿ, ಗೋಡೆಯ ತೂತಿನಲ್ಲಿ,
ಅಲ್ಲಿಂದ ದ್ರಾಕ್ಷಿಯ ಕಾಂಡಕ್ಕೆ.
ಬಳ್ಳಿ ದಪ್ಪವಾಗುತ್ತ ಆಗುತ್ತ
ಅದನ್ನು ನುಂಗಿಬಿಟ್ಟಿತ್ತು.
ಒಂದು ಗೇಣು ಕಾಣೆ, ಮತ್ತೆ ಆಚೆ ಬದಿ ಪ್ರತ್ಯಕ್ಷ.

'ಕಳವು' ಎಂದಳು ಲಾಮಾರಾ. 'ಮೂವತ್ತು ವರ್ಷದ ಬಿಲ್ಲು!'

ವೆರಿಕೋ ಏಪ್ರನ್ನಿಗೆ ಕೈ ಒರೆಸಿಕೊಂಡಳು.
'ತೊಂಬತ್ಮೂರರ ಚಳಿಗಾಲ.
ಬ್ರೆಡ್ ಕಾರ್ಖಾನೆಯ ಲೈನು ನಿಮಗಿತ್ತು,
ರಾತ್ರಿ ಎರಡು ಗಂಟೆ ಹೊತ್ತು. ನಮಗೆ ಅದೂ ಇಲ್ಲ.
ನನ್ನ ಹುಡುಗಿಗೆ ಎದೆ ಕಟ್ಟಿ ಉಸಿರು ಸುಯ್ಯೆನ್ನುತ್ತಿತ್ತು.
ನಿಮ್ಮ ಓತಿಯಾ ಕೈಗವಸಿಲ್ಲದೆ ಹಿಮದಲ್ಲಿ ನಿಂತು ಇದನ್ನು ಎಳೆದ.
ಪೆಪೆಲಾಗೆ ಹೇಳಬೇಡ, ಅವಳು ಲೆಕ್ಕದವಳು ಎಂದ.
ಆಮೇಲೆ ನನಗೂ ಮೀಟರು ಬಂತು.
ಇದೊಂದು ಬಲ್ಬು ಮಾತ್ರ ಬಿಚ್ಚಲು ಮನಸ್ಸಾಗಲಿಲ್ಲ.
ಪ್ರತಿ ಅಕ್ಟೋಬರಿಗೂ ಅಕ್ರೋಟು ಕೊಟ್ಟಿದ್ದೇನಲ್ಲ.'

ಪೆಪೆಲಾ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದಿದ್ದಳು.
'ಅಕ್ರೋಟು ಅದಕ್ಕಾ?
ಸುಮ್ಮನೆ ಕೊಡುತ್ತಿದ್ದೀಯೆಂದು ನಾನು
ವರ್ಷವರ್ಷವೂ ಪ್ಲಮ್ ಗೊಜ್ಜು ಕಳಿಸಿದೆನಲ್ಲೇ.'
'ಹುಳಿ ಜಾಸ್ತಿ ಇರುತ್ತಿತ್ತು' ಎಂದಳು ವೆರಿಕೋ.

ಕತ್ತರಿ ನನ್ನ ಕೈಯಲ್ಲೇ ಇತ್ತು.
ಕಾಯಿದೆ ಹೇಳುವುದು ಒಂದೇ ಮಾತು, ನನಗೂ ಬಾಯಿಪಾಠ.
ಪೆಪೆಲಾ ಬಹಳ ಹೊತ್ತು ಆ ಬಳ್ಳಿಯನ್ನು ನೋಡಿದಳು,
ಗಂಡನನ್ನು ಬೈಯಲು ತಡವಾಯಿತೆಂಬಂತೆ.
'ಅದಕ್ಕೂ ಹೊಸದು ಹಾಕು, ಮೇಸ್ತ್ರಿ. ಹಳದಿಯದೇ.'
ಲಾಮಾರಾ ನನ್ನಿಂದ ಚೀಟಿ ಕಸಿದು
ಹದಿನಾಲ್ಕನ್ನು ಹೊಡೆದು ಹದಿನೈದು ಬರೆದಳು,
ಕಾಗದ ಹರಿಯುವಷ್ಟು ಒತ್ತಿ.

ಬಳ್ಳಿಯೊಳಗಿನ ತುಂಡು ಹೊರಬರಲಿಲ್ಲ.
ಎರಡೂ ತುದಿ ಕತ್ತರಿಸಿ ಅಲ್ಲೇ ಬಿಟ್ಟೆ.
ಪಕ್ಕದಲ್ಲಿ ತಾಮ್ರದ ಹೊಸ ವೈರು ಎಳೆದೆ.
ಬಿಲ್ಲಿನಲ್ಲಿ 'ಹೊರಗಿನ ಮೆಟ್ಟಿಲು, ಒಂದು' ಎಂದು ಬರೆದೆ.
ಯಾರ ಮೆಟ್ಟಿಲೆಂದು ಆ ನಮೂನೆ ಕೇಳುವುದಿಲ್ಲ.

ಎಂಟು ಗಂಟೆಗೆ ಎಲ್ಲ ಹೊತ್ತಿಸಿದೆ.
ಚಾವಣಿಯಲ್ಲಿ ಸೀಮೆಎಣ್ಣೆ ಬುಡ್ಡಿಯ ಮಸಿ, ತಟ್ಟೆಯಗಲ,
ಇಷ್ಟು ದಿನ ಮಬ್ಬಿನಲ್ಲಿ ಯಾರಿಗೂ ಕಂಡಿರಲಿಲ್ಲ.
ಉಚಾ ಅದರತ್ತ ಬೆರಳು ತೋರಿಸಿ 'ಏನದು' ಎಂದ,
ಮೂವರೂ ಒಟ್ಟಿಗೆ ಹೇಳಹೊರಟರು.

ಕೈ ತೊಳೆಯಲು ಬಚ್ಚಲಿಗೆ ಹೋದೆ.
ತೊಟ್ಟಿಯಲ್ಲಿ ತೂಗುದೀಪ,
ನೀರಿನಡಿ ಐದೂ ತೋಳು ಹೊಳೆಯುತ್ತಿದ್ದವು.
ಬೂಚು ಎಳೆಯಲು ನನಗೆ ಯಾರೂ ಹೇಳಿರಲಿಲ್ಲ.